ಬರಿಗೊರಸಿಗೆ ಬೂಟು

ಹೊಸ ಮೆಟ್ಟು ಕಚ್ಚುತ್ತದೆ. ಇದು ಎಲ್ಲರ ಅನುಭವ. ಜಾತ್ರೆಯಲ್ಲಿ ಕೊಂಡ ಚಪ್ಪಲಿಯನ್ನು ಮೆಟ್ಟಿ ಜಂಬದಿಂದ ಹೊರಟ ಹುಡುಗ ಅರ್ಧ ದಾರಿಯಲ್ಲಿಯೇ ಅದನ್ನು ಕಳಚಿ ಕೈಯಲ್ಲಿ ಹಿಡಿದುಕೊಂಡು ಕುಂಟುತ್ತ ಮನೆಗೆ ಬರುತ್ತಾನೆ. ತಾಯಿ ಹಿಮ್ಮಡಿಯ ಬೊಬ್ಬೆಗೆ ಎಣ್ಣೆ ಸವರುತ್ತಾಳೆ. ತಂದೆ ಅಂಗಡಿಯವನನ್ನು ಬೈಯುತ್ತಾನೆ. ನಾಲ್ಕು ದಿನಗಳಲ್ಲಿ ಚಪ್ಪಲಿಯೂ ಕಾಲೂ ರಾಜಿಯಾಗುತ್ತವೆ. ಕಚ್ಚಿತೆಂದು ಹೇಳಲು ಮನುಷ್ಯನಿಗೆ ಬಾಯಿಯಿದೆ, ಕಚ್ಚಿದುದನ್ನು ಕಿತ್ತೆಸೆಯಲು ಕೈಯಿದೆ. ಕುದುರೆಗೆ ಇವೆರಡೂ ಇಲ್ಲ. ಅದರ ಕಾಲಿಗೆ ಮೆಟ್ಟು ತೊಡಿಸುವವನು ಅದರ ನೋವನ್ನು ತನ್ನ ಕಣ್ಣಿನಿಂದಲೇ ಕಾಣಬೇಕು, ತನ್ನ ಬೆರಳಿನಿಂದಲೇ ಮುಟ್ಟಿ ಅರಿಯಬೇಕು. ಈ ಕೆಲಸ ತೋರುವಷ್ಟು ಸುಲಭವಲ್ಲ.

ಕುದುರೆಗೆ ಮೆಟ್ಟೆಂದರೆ ಲಾಳವಲ್ಲವೆ ಎಂದು ಓದುಗರು ಕೇಳಬಹುದು. ಲಾಳ ಕನ್ನಡ ನಾಡಿಗೆ ಹೊಸದಲ್ಲ. ಎತ್ತಿನದು ಸೀಳುಗೊರಸಾದುದರಿಂದ ಅದರ ಒಂದೊಂದು ಕಾಲಿಗೆ ಎರಡೆರಡು ತುಂಡು ಲಾಳ ಬೇಕು. ಕುದುರೆಯದು ಒಂಟಿಗೊರಸಾದುದರಿಂದ ಬಿಲ್ಲಿನಂತೆ ಬಾಗಿದ ಒಂದೇ ಲಾಳ ಸಾಕು. ಎತ್ತನ್ನು ಕೆಡವಿ, ಕಾಲು ಕಟ್ಟಿ, ಲಾಳ ಹೊಡೆಯುವ ನೋಟವನ್ನು ಹಳ್ಳಿಯಲ್ಲಿ ಬೆಳೆದ ಹಿರಿಯರು ಮರೆತಿರಲಾರರು. ಜಟಕಾ ಗಾಡಿಗಳ ಕಾಲದಲ್ಲಿ ಊರಿನ ಬೆಳಗು ಲಾಳದ ಟಕಟಕ ಸದ್ದಿನಿಂದಲೇ ಮೊದಲಾಗುತ್ತಿತ್ತು. ಆದರೆ ಇಲ್ಲಿನ ವಿಷಯ ಲಾಳವಲ್ಲ. ಲಾಳವನ್ನು ಬಿಟ್ಟ ಕುದುರೆಯ ಬೂಟು. ರಬ್ಬರಿನಿಂದಲೋ ಗಟ್ಟಿಯಾದ ಪ್ಲಾಸ್ಟಿಕ್ಕಿನಿಂದಲೋ ಮಾಡಿದ ಈ ಬೂಟನ್ನು ಸವಾರಿಗೆ ಹೊರಡುವಾಗ ತೊಡಿಸುತ್ತಾರೆ, ಮರಳಿ ಬಂದ ಮೇಲೆ ಕಳಚುತ್ತಾರೆ. ಸಾಮಾನ್ಯ ಬೂಟಿಗೆ ಮೊಳೆಯಿಲ್ಲ, ಅಂಟಿಲ್ಲ. ಮಿಕ್ಕ ಹೊತ್ತೆಲ್ಲ ಕುದುರೆಯದು ಹುಟ್ಟುಗಾಲು.

ಈ ಬೂಟಿನ ಬಳಕೆ ಹೆಚ್ಚಾಗಿ ಕಾಣುವ ಸೀಮೆಗಳಲ್ಲಿ ಅಮೆರಿಕದ ಕ್ಯಾಲಿಫೋರ್ನಿಯವೂ ಒಂದು. ಅಲ್ಲಿಯ ಸಿಯೆರಾ ನೆವಾಡ ಪರ್ವತಗಳಲ್ಲಿ ಒಂದು ಪ್ರಸಿದ್ಧ ಕುದುರೆ ಹಾದಿಯುಂಟು. ತಾಹೋ ಸರೋವರದ ಕಡೆಯಿಂದ ಆಬರ್ನ್ ಪಟ್ಟಣದವರೆಗೆ 100 ಮೈಲಿಗಳನ್ನು 24 ಗಂಟೆಗಳೊಳಗೆ ಕ್ರಮಿಸುವ ಟೆವಿಸ್ ಕಪ್ ಎಂಬ ಸ್ಪರ್ಧೆ 1955ರಲ್ಲಿ ಆ ಹಾದಿಯಲ್ಲಿ ಮೊದಲಾಯಿತು. ಮೊದಲು ಬಂದವನಿಗೆ ಮಾತ್ರವಲ್ಲದೆ, ಹೊತ್ತಿನೊಳಗೆ ಮುಗಿಸಿದ ಸವಾರರೆಲ್ಲರಿಗೂ ಬೆಳ್ಳಿಯ ಬಕಲು ಸಲ್ಲುತ್ತದೆ. ಆದರೆ ಮುಗಿಸಿದ ಕುದುರೆ ಇನ್ನೂ ಮುಂದೆ ನಡೆಯಲು ಶಕ್ತವಾಗಿದೆಯೆಂದು ಪಶುವೈದ್ಯರು ಒಪ್ಪಬೇಕು. ಬಂಡೆ, ಜಲ್ಲಿ, ಕಣಿವೆ, ಏರು, ಇಳಿಜಾರು, ಇವೇ ಆ ಹಾದಿಯ ಸಂಪತ್ತು. ಕುದುರೆಯ ಕಾಲಿನ ಮಾತು ಅಲ್ಲಿ ಅಂಗಳದ ಹರಟೆಯಲ್ಲ, ದಿನನಿತ್ಯದ ಚಿಂತೆ.

ಆ ತಪ್ಪಲಿನಲ್ಲಿ ವಾಸಿಸುವ ಒಬ್ಬಾಕೆಯನ್ನು ಎಣಿಸಿಕೊಳ್ಳಬಹುದು. ಹೆಸರು ಬೇಡ, ಆಕೆಯಂಥವರು ಅಲ್ಲಿ ಅನೇಕರಿದ್ದಾರೆ. ವಯಸ್ಸು ಐವತ್ತು ದಾಟಿದೆ. ಮಕ್ಕಳು ದೂರದ ಊರುಗಳಲ್ಲಿದ್ದಾರೆ. ಮನೆಯ ಹಿಂದಿನ ಲಾಯದಲ್ಲಿ ಕಂದು ಬಣ್ಣದ ಒಂದು ಅರಬ್ಬೀ ಹೆಣ್ಣು ಕುದುರೆ. ಅದಕ್ಕೆ ಹದಿನಾಲ್ಕು ವರ್ಷ. ಸ್ಪರ್ಧೆಯ ಆಸೆ ಆಕೆಗಿಲ್ಲ. ವಾರದಲ್ಲಿ ಮೂರು ದಿನ ಕಾಡಿನ ಹಾದಿಯಲ್ಲಿ ಹೋಗಿ ಬರುವುದೇ ಆಕೆಯ ಸುಖ, ಕುದುರೆಯ ಸುಖ. ಆದರೆ ಎರಡು ವರ್ಷಗಳಿಂದ ಅದರ ಗೊರಸಿನ ಗೋಡೆ ಮೊಳೆ ಹೊಡೆದ ಕಡೆಗಳಲ್ಲಿ ಬಿರಿದು ಉದುರತೊಡಗಿತು. ಲಾಳ ಕಟ್ಟುವ ಮುದುಕ ಒಂದು ದಿನ ಅರವನ್ನು ಕೆಳಗಿಟ್ಟು, ಇನ್ನು ಮೊಳೆ ಹಿಡಿಯಲು ಜಾಗವೇ ಉಳಿದಿಲ್ಲ, ಒಂದು ವರ್ಷ ಬರಿಗಾಲಿನಲ್ಲಿ ಬಿಟ್ಟು ನೋಡಬೇಕು ಎಂದ. ನಾಲ್ಕು ಲಾಳಗಳನ್ನೂ ಕಿತ್ತು, ಅಂಚನ್ನು ದುಂಡಗೆ ತೇಯ್ದು, ತನ್ನ ಹಣವನ್ನು ಎಣಿಸಿಕೊಂಡು ಹೊರಟುಹೋದ. ಲಾಯದ ಮೆತ್ತನೆಯ ನೆಲದಲ್ಲಿ ಕುದುರೆ ಚೆನ್ನಾಗಿಯೇ ನಡೆಯಿತು. ಮನೆಯ ಮುಂದಿನ ಜಲ್ಲಿಯ ಹಾದಿಗೆ ಕಾಲಿಟ್ಟ ಕೂಡಲೇ ತಡೆದು ನಿಂತಿತು. ಕಿವಿಗಳನ್ನು ಹಿಂದಕ್ಕೆ ಮಡಿಸಿ, ಕೆಂಡದ ಮೇಲೆ ನಡೆಯುವ ಹರಕೆಯವರಂತೆ ಒಂದೊಂದೇ ಹೆಜ್ಜೆಯನ್ನು ಎತ್ತಿ ಎತ್ತಿ ಇಟ್ಟಿತು. ಆಕೆಯ ಕರುಳು ಚುರುಕ್ಕೆಂದಿತು.

ಇದರ ಕಾರಣವನ್ನು ಅರಿಯಬೇಕಾದರೆ ಗೊರಸನ್ನು ಎತ್ತಿ ನೋಡಬೇಕು. ಹೊರಗಣ ಗಟ್ಟಿಯಾದ ಗೋಡೆ ಮನುಷ್ಯನ ಉಗುರಿನ ಜಾತಿಯದು. ಅದರ ಹೊರಪದರದಲ್ಲಿ ನೋವಿಲ್ಲ, ಮೊಳೆ ಹೊಡೆಯುವುದೂ ಅಲ್ಲಿಯೇ. ಗೋಡೆಯ ಒಳಗೆ ತಟ್ಟೆಯಂತೆ ತುಸು ಹಳ್ಳವಾದ ಅಂಗಾಲು. ಅದರ ನಡುವೆ, ಹಿಮ್ಮಡಿಯಿಂದ ಮುಂದಕ್ಕೆ ಮೊನೆಯಾಗಿ ಚಾಚಿಕೊಂಡಿರುವ ರಬ್ಬರಿನಂಥ ತ್ರಿಕೋನ. ಇದನ್ನು ಇಂಗ್ಲಿಷರು ಕಪ್ಪೆ ಎನ್ನುತ್ತಾರೆ. ಸಂಸ್ಕೃತದಲ್ಲಿಯೂ ಗೊರಸಿನ ತಳಕ್ಕೆ ಮಂಡೂಕವೆಂಬ ಹೆಸರುಂಟು. ಗ್ರೀಕರು ಮಾತ್ರ ಅದರಲ್ಲಿ ಸೀಳುಬಾಲದ ಹಕ್ಕಿಯೊಂದರ ಆಕಾರವನ್ನು ಕಂಡರು. ಕುದುರೆ ಕಾಲೂರಿದಾಗ ಗೊರಸಿನ ಹಿಂಭಾಗ ಕೊಂಚ ಅಗಲವಾಗುತ್ತದೆ, ಎತ್ತಿದಾಗ ಮೊದಲಿನಂತಾಗುತ್ತದೆ. ಪೆಟ್ಟನ್ನು ನುಂಗುವ ಉಪಾಯ ಅದು. ಲಾಳವಿದ್ದಾಗ ಭಾರವೆಲ್ಲ ಅಂಚಿನ ಗೋಡೆಯ ಮೇಲೆ. ಅಂಗಾಲು ನೆಲ ಮುಟ್ಟುವುದು ಅಪರೂಪ. ಹತ್ತು ವರ್ಷ ನೆಲ ಕಾಣದ ಅಂಗಾಲು ಜಲ್ಲಿಯನ್ನು ಕಂಡು ಬೆದರಿದರೆ ಆಶ್ಚರ್ಯವೇನು? ಪಟ್ಟಣದ ಬೂಟಿನಲ್ಲಿ ಬೆಳೆದ ಕಾಲನ್ನು ಒಮ್ಮೆಲೇ ಕೊಯ್ದ ಹೊಲದ ಕೂಳೆಗಳ ಮೇಲೆ ನಡೆಸಿದಂತೆ ಅದು. ಅಂಗಾಲು ದಪ್ಪವಾಗಬೇಕು, ಹೊಸ ಗೋಡೆ ಮೇಲಿಂದ ಇಳಿದು ಬರಬೇಕು. ಗೋಡೆ ತಿಂಗಳಿಗೆ ಬೆಳೆಯುವುದು ಸುಮಾರು ಒಂದು ಸೆಂಟಿಮೀಟರಿಗಿಂತ ಕಡಿಮೆ. ಮುಂಭಾಗದಲ್ಲಿ ಮೇಲಂಚಿನಿಂದ ನೆಲದವರೆಗೆ ಹೊಸತಾಗಲು ಒಂದು ವರ್ಷದಷ್ಟು ಕಾಲ ಹಿಡಿಯುತ್ತದೆ. ಆ ಒಂದು ವರ್ಷ ಕುದುರೆಯನ್ನು ಲಾಯದಲ್ಲಿ ಕಟ್ಟಿಹಾಕುವಂತಿಲ್ಲ, ಏಕೆಂದರೆ ನಡೆಯದ ಗೊರಸು ಬಲಿಯುವುದಿಲ್ಲ. ನೋಯಿಸಿ ನಡೆಸುವಂತೆಯೂ ಇಲ್ಲ, ಏಕೆಂದರೆ ನೋಯುವ ಕುದುರೆ ಹಿಮ್ಮಡಿಯನ್ನು ಊರದೆ ಬೆರಳ ತುದಿಯಲ್ಲಿ ನಡೆಯುವ ದುರಭ್ಯಾಸವನ್ನು ಕಲಿಯುತ್ತದೆ. ಈ ಇಕ್ಕಟ್ಟಿನ ನಡುವೆ ಇರುವ ಓಣಿಯೇ ಬೂಟು.

ಓಣಿ ಹೊಸದೇನೂ ಅಲ್ಲ. ಗ್ರೀಕರ ಕ್ಸೆನೊಫನ್ 2,400 ವರ್ಷಗಳ ಹಿಂದೆಯೇ ಕುದುರೆಯ ಗೊರಸಿನ ಬಗೆಗೆ ಬರೆದವನು. ಲಾಳವನ್ನು ಅರಿಯದ ಆತ, ಲಾಯದ ಹೊರಗೆ ಮುಷ್ಟಿಯ ಗಾತ್ರದ ಗುಂಡುಕಲ್ಲುಗಳನ್ನು ನಾಲ್ಕೈದು ಗಾಡಿಗಳಷ್ಟು ಸುರಿಸಿ ಕುದುರೆಯನ್ನು ಅವುಗಳ ಮೇಲೆ ನಿಲ್ಲಿಸಿದರೆ ಗೊರಸು ಗಟ್ಟಿಯಾಗುತ್ತದೆಂದು ಹೇಳಿದ್ದಾನೆ. ಅದೇ ಮನುಷ್ಯ ಸೈನ್ಯದೊಡನೆ ಆರ್ಮೇನಿಯದ ಹಿಮದಲ್ಲಿ ಸಿಕ್ಕಿಕೊಂಡಾಗ, ಅಲ್ಲಿಯ ಹಳ್ಳಿಯ ಮುಖ್ಯಸ್ಥನೊಬ್ಬ ಕುದುರೆಗಳ ಕಾಲಿಗೆ ಸಣ್ಣ ಚೀಲಗಳನ್ನು ಕಟ್ಟುವುದನ್ನು ಕಲಿಸಿದ; ಚೀಲವಿಲ್ಲದಿದ್ದರೆ ಅವು ಹೊಟ್ಟೆಯವರೆಗೆ ಹಿಮದಲ್ಲಿ ಹೂತುಹೋಗುತ್ತಿದ್ದವು. ರೋಮನರು ಕಬ್ಬಿಣದ ತಟ್ಟೆಗೆ ಕಿವಿಗಳನ್ನು ಮಾಡಿ ಬಾರಿನಿಂದ ಕಟ್ಟುವ ಪಾದುಕೆಯನ್ನು ಬಳಸಿದರು. ಜಪಾನಿನಲ್ಲಿ 19ನೆಯ ಶತಮಾನದವರೆಗೂ ಕುದುರೆಗಳಿಗೆ ಹುಲ್ಲಿನ ಜೋಡು. ಹಿರೋಶಿಗೆ 1857ರಲ್ಲಿ ರಚಿಸಿದ ಎದೋ ನಗರದ ಚಿತ್ರವೊಂದರಲ್ಲಿ ಅದನ್ನು ತೊಟ್ಟ ಹಿಂಗಾಲುಗಳೇ ನೋಡುವವರ ಕಣ್ಣಿಗೆ ಮೊದಲು ಬೀಳುತ್ತವೆ. 1878ರಲ್ಲಿ ಆ ದೇಶವನ್ನು ಸುತ್ತಿದ ಇಸಬೆಲ್ಲಾ ಬರ್ಡ್ ಎಂಬ ಮಹಿಳೆ ಆ ಜೋಡುಗಳು ದಾರಿಯುದ್ದಕ್ಕೂ ಕೊಟ್ಟ ಕಾಟವನ್ನು ಬರೆದಿಟ್ಟಿದ್ದಾಳೆ. ಇಷ್ಟೆಲ್ಲ ಆದರೂ ಕಳೆದ ಸುಮಾರು ಒಂದು ಸಾವಿರ ವರ್ಷಗಳಿಂದ ಯೂರೋಪಿನಲ್ಲಿ ಮೊಳೆಯ ಲಾಳವೇ ಗೆದ್ದಿತು. ಗೆದ್ದುದಕ್ಕೆ ಕಾರಣ ಸರಳ: ಲಾಳ ಕಳಚಿ ಬೀಳುವುದು ಅಪರೂಪ, ಕಟ್ಟಿದ ಮೆಟ್ಟು ಕಳಚುತ್ತದೆ, ಇಲ್ಲವೇ ಕಚ್ಚುತ್ತದೆ. 1970ರ ದಶಕದಲ್ಲಿ ಅಮೆರಿಕದ ಪೇಟೆಗೆ ಹೊಸ ಬಗೆಯ ಬೂಟುಗಳು ಬಂದಾಗಲೂ ಸವಾರರು ಅವನ್ನು ಜೀನಿನ ಚೀಲದಲ್ಲಿ ಇಟ್ಟುಕೊಂಡದ್ದು ಕಾರಿನ ಹೆಚ್ಚುವರಿ ಚಕ್ರದಂತೆ, ದಾರಿಯಲ್ಲಿ ಲಾಳ ಬಿದ್ದರೆ ಇರಲಿ ಎಂದು. ಬರಿಗಾಲಿನ ಕುದುರೆಗೆ ಅದೇ ನಿತ್ಯದ ಮೆಟ್ಟಾಗಬಲ್ಲುದೆಂಬ ನಂಬಿಕೆ ಬೆಳೆದದ್ದು ಆಮೇಲೆ. ಇಂದು ಆ 100 ಮೈಲಿಗಳ ಹಾದಿಯನ್ನೇ ಬೂಟಿನಲ್ಲಿ ಮುಗಿಸಿದ ಕುದುರೆಗಳುಂಟು.

ಆಕೆಯೂ ಬೂಟು ತರಿಸಲು ನಿಶ್ಚಯಿಸಿದಳು. ಹೊಲಿಗೆಯ ಪೆಟ್ಟಿಗೆಯಿಂದ ಬಟ್ಟೆಯ ಟೇಪನ್ನು ತೆಗೆದುಕೊಂಡು ಹೋಗಿ ಮುಂಗಾಲುಗಳನ್ನು ಎತ್ತಿ ಅಳೆದಳು. ಗೊರಸನ್ನು ತೇಯ್ದು ಆಗಲೇ ಆರು ವಾರಗಳಾಗಿದ್ದವು. ಗೋಡೆಯ ಅಂಚು ಲಂಗದ ನೆರಿಗೆಯಂತೆ ಹೊರಕ್ಕೆ ಹರಡಿತ್ತು. ಅಗಲ 128 ಮಿಲಿಮೀಟರು ಬಂದಿತು. ತಯಾರಕರ ಪಟ್ಟಿಯಲ್ಲಿ ಅದಕ್ಕೆ ಸರಿಯಾದ ಅಳತೆಯೊಂದಿತ್ತು. ಆದರೆ ಮಕ್ಕಳಿಗೆ ಬೆಳೆಯುವ ಕಾಲೆಂದು ಒಂದು ಅಳತೆ ಹೆಚ್ಚಿನ ಜೋಡನ್ನು ಕೊಂಡು ಅಭ್ಯಾಸವಾದ ತಾಯಿಯ ಮನಸ್ಸು ಆಕೆಯದು. ಬಿಗಿಯಾಗಿ ನೋಯುವುದಕ್ಕಿಂತ ಸಡಿಲವಾಗಿದ್ದರೆ ಒಳ್ಳೆಯದಲ್ಲವೆ ಎಂದುಕೊಂಡು ಮುಂದಿನ ಅಳತೆಯನ್ನೇ ತರಿಸಿದಳು. ಬೂಟು ಬಂದಿತು, ಬೆಣ್ಣೆಯಲ್ಲಿ ಕೈಯಿಟ್ಟಂತೆ ಗೊರಸು ಒಳಗೆ ಹೋಯಿತು. ಕುದುರೆ ಜಲ್ಲಿಯ ಮೇಲೆ ಅಳುಕದೆ ನಡೆಯಿತು. ಆ ದಿನ ಆಕೆಗಾದ ಸಂತೋಷಕ್ಕೆ ಪಾರವಿಲ್ಲ.

ಮೂರನೆಯ ದಿನ ಕಣಿವೆಯ ಅಂಚಿನ ಇಳಿಜಾರಿನಲ್ಲಿ ಕುಕ್ಕುಲೋಟದಲ್ಲಿ ಸಾಗುತ್ತಿದ್ದಾಗ ಎಡಗಾಲಿನ ಬೂಟು ತಿರುಗಿತು. ಮುಂಬದಿ ಪಕ್ಕಕ್ಕೆ ಬಂದಿತು. ಮರುಹೆಜ್ಜೆಗೆ ಬೂಟು ಗೊರಸಿನಿಂದ ಪೂರ್ತಿ ಕಳಚಿ, ಮೇಲಣ ಪಟ್ಟಿಯ ಬಲದಿಂದ ಕಾಲಿಗೆ ಜೋತುಬಿದ್ದು ಪಟಪಟನೆ ಬಡಿಯತೊಡಗಿತು. ಕಾಲನ್ನು ಹಿಡಿದ ಪ್ರಾಣಿಯೊಂದು ಬಿಡದೆ ಬೆನ್ನಟ್ಟಿದೆಯೆಂದೇ ಕುದುರೆ ಬಗೆದಿರಬೇಕು. ಅದು ನಾಗಾಲೋಟಕ್ಕೆ ಬಿದ್ದಿತು. ಎಡಗಡೆ ಕಣಿವೆ, ಬಲಗಡೆ ಬಂಡೆ, ಹಾದಿಯ ಅಗಲ ಎರಡು ಮಾರು. ಲಗಾಮಿಗೆ ಅದು ಬಗ್ಗಲಿಲ್ಲ, ಮಾತಿಗೆ ಕಿವಿಗೊಡಲಿಲ್ಲ. ಕೊನೆಗೆ ಪಟ್ಟಿ ಹರಿದು ಬೂಟು ಎಲ್ಲಿಯೋ ಹಾರಿಹೋದ ಮೇಲೆ ತಾನಾಗಿಯೇ ನಿಂತು ನಡುಗಿತು. ಆಕೆ ಇಳಿದು ನೋಡಿದಳು. ಗೊರಸೂ ಚರ್ಮವೂ ಕೂಡುವ ಅಂಚಿನಲ್ಲಿ ಎರಡು ಬೆರಳಗಲ ರೋಮ ಹೋಗಿ ರಕ್ತ ಜಿನುಗುತ್ತಿತ್ತು. ಮೂರು ಮೈಲಿ ದೂರವನ್ನು ಲಗಾಮು ಹಿಡಿದು ನಡೆದೇ ಮನೆಗೆ ಬಂದಳು. ಇಬ್ಬರೂ ಕುಂಟುತ್ತಿದ್ದರು.

ಆ ಸಂಜೆ ಬಂದ ನೆರೆಹೊರೆಯವರು ಎರಡು ಪಕ್ಷವಾದರು. ಬೂಟೆಂಬುದೇ ಮೋಸ, ನಾಳೆಯೇ ಲಾಳ ಹೊಡೆಸಬೇಕು ಎಂದವರು ಕೆಲವರು. ಪ್ರಕೃತಿ ಕೊಟ್ಟ ಕಾಲಿಗೆ ಮೆಟ್ಟೇ ಬೇಡ, ಕಾಡುಕುದುರೆಗಳಿಗೆ ಯಾರು ಬೂಟು ತೊಡಿಸುತ್ತಾರೆ ಎಂದವರು ಇನ್ನು ಕೆಲವರು. ಎರಡು ಪಕ್ಷದವರೂ ಅಷ್ಟು ಹೊತ್ತು ಮಾತನಾಡಿದರು. ಒಬ್ಬರಾದರೂ ಕುದುರೆಯ ಕಾಲನ್ನು ಎತ್ತಿ ನೋಡಲಿಲ್ಲ. ನೋಡಿದವನು ಮರುದಿನ ಬಂದ ಆ ಲಾಳದ ಮುದುಕ. ಗಾಯವನ್ನು ನೋಡಿದ, ಉಳಿದ ಇನ್ನೊಂದು ಬೂಟನ್ನು ಗೊರಸಿಗೆ ತೊಡಿಸಿ ಎರಡು ಕೈಗಳಿಂದ ತಿರುಗಿಸಿದ. ಅದು ಗಡಿಗೆಯ ಮೇಲಿನ ಮುಚ್ಚಳದಂತೆ ಸುಲಭವಾಗಿ ತಿರುಗಿತು.

“ಅಳತೆ ತೆಗೆದದ್ದು ಯಾವತ್ತು?” ಎಂದು ಕೇಳಿದ.

ಆಕೆ ಹೇಳಿದಳು. ಟೇಪಿನ ವಿಷಯವನ್ನೂ, ಒಂದು ಅಳತೆ ಹೆಚ್ಚಿಗೆ ತರಿಸಿದ್ದನ್ನೂ ಮುಚ್ಚಿಡಲಿಲ್ಲ.

“ಹಾಗಾದರೆ ನೀವು ಅಳೆದದ್ದು ಗೊರಸನ್ನಲ್ಲ,” ಎಂದ ಮುದುಕ, “ಅದರ ಸುತ್ತ ಬೆಳೆದ ಅಂಚನ್ನು. ಅದರ ಮೇಲೆ ನಿಮ್ಮ ಪ್ರೀತಿಯನ್ನೂ ಸೇರಿಸಿದಿರಿ.”

ಮುದುಕ ಗೊರಸನ್ನು ಹದವಾಗಿ ತೇಯ್ದು ಹೋದ. ಗಾಯ ಒಣಗಿ ರೋಮ ಮೂಡುವವರೆಗೆ ಸವಾರಿಯಿರಲಿಲ್ಲ. ಮುಂದಿನ ಸಲ ಅವನು ತೇಯ್ದ ದಿನವೇ ಆಕೆ ಉಕ್ಕಿನ ಅಳತೆಪಟ್ಟಿಯನ್ನು ಹಿಡಿದು ಕುಳಿತಳು. ಅಳೆಯುವ ಕ್ರಮ ಕಠಿಣವಲ್ಲ. ಆದರೆ ಪ್ರತಿಯೊಂದು ಹೆಜ್ಜೆಗೂ ಕಾರಣವುಂಟು. ಕುದುರೆ ಸಮನೆಲದಲ್ಲಿ ನಿಂತಿರಬೇಕು. ಗೊರಸನ್ನು ಎತ್ತಿ, ಕೊಕ್ಕೆಯಿಂದ ಮಣ್ಣನ್ನು ಕೆರೆದು, ಬಿರುಸು ಕುಂಚದಿಂದ ಉಜ್ಜಬೇಕು. ಅಗಲವೆಂದರೆ ತಳದ ಅತ್ಯಂತ ಅಗಲವಾದ ಜಾಗದಲ್ಲಿ ಈ ಅಂಚಿನಿಂದ ಆ ಅಂಚಿಗೆ. ಉದ್ದವೆಂದರೆ ಮುಂಬದಿಯ ಮೊನೆಯಿಂದ, ಹಿಂದೆ ಗೋಡೆಯು ನೆಲವನ್ನು ಮುಟ್ಟುವ ಕಡೆಯ ಬಿಂದುವಿನವರೆಗೆ. ಅದರ ಆಚೆ ಉಬ್ಬಿರುವ ಹಿಮ್ಮಡಿಯ ಮೆತ್ತನೆಯ ಭಾಗ ಲೆಕ್ಕಕ್ಕೆ ಸೇರದು. ಹಲವರು ತಪ್ಪುವುದು ಇಲ್ಲಿಯೇ. ಬಟ್ಟೆಯ ಟೇಪು ಬಾಗುತ್ತದೆ, ಬಾಗಿದ ಟೇಪು ಸುಳ್ಳು ಹೇಳುತ್ತದೆ. ಆದುದರಿಂದ ಬಾಗದ ಪಟ್ಟಿ ಬೇಕು. ನಾಲ್ಕು ಕಾಲುಗಳನ್ನೂ ಬೇರೆ ಬೇರೆಯಾಗಿ ಅಳೆಯಬೇಕು. ದೇಹದ ಭಾರದ ಹೆಚ್ಚಿನ ಪಾಲನ್ನು ಹೊರುವ ಮುಂಗಾಲಿನ ಗೊರಸು ದುಂಡು. ಹಿಂಗಾಲಿನದು ಅಷ್ಟು ಅಗಲವಿಲ್ಲ, ತುಸು ಚೂಪು. ಎಡಬಲಗಳೂ ಒಂದೇ ಇರಬೇಕೆಂಬ ನಿಯಮವಿಲ್ಲ.

ಈ ಸಲ ಬಲಗಾಲು ಅಗಲ 121, ಉದ್ದ 124 ಮಿಲಿಮೀಟರು ಬಂದಿತು. ಎಡಗಾಲು ಅಗಲ 123, ಉದ್ದ 125. ಮೊದಲಿನ 128 ಎಲ್ಲಿ, ಈ 121 ಎಲ್ಲಿ! ಬೆರಳಗಲದ ಅರ್ಧದಷ್ಟೂ ಇಲ್ಲದ ಈ ಅಂತರವೇ ಕಣಿವೆಯ ಅಂಚಿನಲ್ಲಿ ಎರಡು ಜೀವಗಳನ್ನು ತೂಗಿ ನೋಡಿತ್ತು. ಬೂಟಿನ ಪಟ್ಟಿಗಳಲ್ಲಿ ಒಂದು ಅಳತೆಗೂ ಮುಂದಿನದಕ್ಕೂ ನಡುವೆ ಇರುವುದು ಕೆಲವೇ ಮಿಲಿಮೀಟರುಗಳು. ಅಂದಾಜಿಗೆ ಅಲ್ಲಿ ಎಡೆಯಿಲ್ಲ.

ಅಳತೆಯಾದ ಮೇಲೆ ಬಗೆಯ ಪ್ರಶ್ನೆ. ಬೂಟುಗಳಲ್ಲಿ ದುಂಡು ಗೊರಸಿಗೆ ಹೊಂದುವ ಅಚ್ಚುಗಳುಂಟು, ನೀಳ ಗೊರಸಿಗೆ ಹೊಂದುವವೂ ಉಂಟು. ಅಗಲಕ್ಕಿಂತ ಉದ್ದ ಬಹಳ ಹೆಚ್ಚಿದ್ದರೆ ದುಂಡು ಬೂಟು ಎಷ್ಟು ಬೆಲೆಯದಾದರೂ ನಿಲ್ಲದು. ಬಕಲು ಮತ್ತು ತಂತಿಯಿಂದ ಬಿಗಿಯುವ ಬೂಟು ಒಂದು ಬಗೆ. ಗೊರಸಿಗೆ ಒತ್ತಾಗಿ ಕೂರುವ, ಮೇಲೆ ಮೆತ್ತನೆಯ ಕಾಲ್ಪಟ್ಟಿಯಿರುವ ಬೂಟು ಇನ್ನೊಂದು ಬಗೆ. ಇದನ್ನು ತೊಡಿಸಲು ರಬ್ಬರಿನ ಸುತ್ತಿಗೆಯಿಂದ ತಟ್ಟಬೇಕು, ಆದರೆ ಒಮ್ಮೆ ಕುಳಿತರೆ ಓಟದಲ್ಲಿ ಅಲುಗದು. ದೂರದ ಸ್ಪರ್ಧೆಗಳಿಗೆ ಕೆಲವು ದಿನಗಳ ಮಟ್ಟಿಗೆ ಅಂಟಿಸುವ ಬೂಟುಗಳೂ ಇವೆ. ಗೊರಸಿನ ಬೇನೆಯಿಂದ ನರಳುವ ಕುದುರೆಗಳಿಗೆ ಮೆತ್ತೆಯಿಟ್ಟ ಔಷಧೋಪಚಾರದ ಬೂಟು ಬೇರೆಯೇ. ಅದು ಸವಾರಿಗೆ ತಕ್ಕುದಲ್ಲ. ಗೊರಸು ಬಿಸಿಯಾಗಿದ್ದು ಕುದುರೆ ಕಾಲೂರಲು ಹಿಂಜರಿದರೆ ಮೊದಲು ಬರಬೇಕಾದವನು ಪಶುವೈದ್ಯ, ಬೂಟಿನ ವ್ಯಾಪಾರಿಯಲ್ಲ. ಕೊಳ್ಳುವವನು ಬೂಟಿನ ಚೆಲುವನ್ನಾಗಲಿ ನೆರೆಮನೆಯ ಕುದುರೆಯ ಅನುಭವವನ್ನಾಗಲಿ ನೆಚ್ಚಬಾರದು. ತನ್ನ ಕುದುರೆ ನಡೆಯುವ ನೆಲ ಯಾವುದು, ವಾರಕ್ಕೆ ಎಷ್ಟು ಮೈಲಿ, ಯಾವ ವೇಗ, ಈ ಮೂರನ್ನು ಮೊದಲು ಕೇಳಿಕೊಳ್ಳಬೇಕು. ಕೆಲವು ತಯಾರಕರು ಬೇರೆ ಬೇರೆ ಅಳತೆಯ ಮಾದರಿ ಚಿಪ್ಪುಗಳನ್ನು ಪರೀಕ್ಷೆಗೆಂದು ಕಳುಹಿಸುತ್ತಾರೆ. ಆಕೆ ಈ ಸಲ ಅವನ್ನು ತರಿಸಿದಳು. ಒಂದು ಸಡಿಲವಾಯಿತು, ಒಂದು ಏರಲೇ ಇಲ್ಲ, ನಡುವಣದು ಕುಳಿತಿತು.

ಕುಳಿತಿತು ಎಂಬುದನ್ನು ಅರಿಯುವುದು ಹೇಗೆ? ತೊಡಿಸಿದ ಮೇಲೆ ಕುದುರೆಯನ್ನು ಹತ್ತು ಹೆಜ್ಜೆ ನಡೆಸಬೇಕು. ಅದರ ಭಾರವೇ ಗೊರಸನ್ನು ಬೂಟಿನ ಮೂಲೆಗೆ ಒತ್ತಿ ಕೂರಿಸುತ್ತದೆ. ಆಮೇಲೆ ಬಕಲನ್ನೋ ಪಟ್ಟಿಯನ್ನೋ ಮತ್ತೊಮ್ಮೆ ಬಿಗಿಯಬೇಕು. ಬೂಟನ್ನು ಎರಡು ಕೈಗಳಿಂದ ತಿರುಗಿಸಿದರೆ ಅದು ಗೊರಸಿನೊಡನೆಯೇ ತಿರುಗಬೇಕು, ಗೊರಸನ್ನು ಬಿಟ್ಟು ತಿರುಗಬಾರದು. ಮುಂಬದಿಯಲ್ಲಿ ಟೊಳ್ಳು ಇರಬಾರದು. ಹಿಮ್ಮಡಿಯ ಉಬ್ಬುಗಳನ್ನು ಬೂಟಿನ ಗಡುಸಾದ ಅಂಚು ಕೊಯ್ಯಬಾರದು. ಮೇಲಣ ಪಟ್ಟಿ ಬೂಟನ್ನು ಹೊರುವುದಕ್ಕಲ್ಲ, ಎಚ್ಚರಿಕೆಗೆ; ಅದರೊಳಗೆ ಒಂದು ಬೆರಳು ಸಲೀಸಾಗಿ ಆಡುವಷ್ಟು ಬಿಡುವಿರಬೇಕು. ಬಳಿಕ ಮೆತ್ತನೆಯ ನೆಲದಲ್ಲಿ ನಡಿಗೆ, ಕುಕ್ಕುಲೋಟ, ಎಡಕ್ಕೊಂದು ಸುತ್ತು, ಬಲಕ್ಕೊಂದು ಸುತ್ತು. ಹೊಸ ಬೂಟಿನ ಉದ್ದಕ್ಕೆ ಕುದುರೆ ಮೊದಲು ಕೊಂಚ ಎಡವಬಹುದು, ಬೇಗ ಹೊಂದಿಕೊಳ್ಳುತ್ತದೆ. ಹೊಂದಿಕೊಳ್ಳದೆ ಹೆಜ್ಜೆಯನ್ನು ಕಿರಿದು ಮಾಡಿದರೆ ಬೂಟಿನಲ್ಲಿ ದೋಷವಿದೆಯೆಂದೇ ತಿಳಿಯಬೇಕು.

ಇಷ್ಟು ಜಾಗರೂಕತೆಯಿದ್ದರೂ ಬೂಟು ಒಮ್ಮೆ ಕಚ್ಚಿಯೇ ಕಚ್ಚಿತು. ಆಕೆ ಮೊದಲ ವಾರ ಅರ್ಧ ಗಂಟೆಗಿಂತ ಹೆಚ್ಚು ಸವಾರಿ ಮಾಡಲಿಲ್ಲ. ಮರಳಿದೊಡನೆ ಬೂಟು ಕಳಚಿ ಹಿಮ್ಮಡಿಯನ್ನು ಬೆರಳಿನಿಂದ ಸವರಿ ನೋಡುತ್ತಿದ್ದಳು. ಐದನೆಯ ದಿನ ಎಡಗಾಲಿನ ಉಬ್ಬಿನ ಮೇಲೆ ರೋಮ ಸುರುಳಿಗಟ್ಟಿತ್ತು, ಚರ್ಮ ತುಸು ಬೆಚ್ಚಗಿತ್ತು. ಕಣ್ಣಿಗೆ ಇನ್ನೂ ಏನೂ ಕಾಣದು. ಬೆರಳಿಗೆ ಮಾತ್ರ ತಿಳಿಯುವ ಹಂತ ಅದು. ಮಗು ಚಪ್ಪಲಿ ಕಚ್ಚಿತೆಂದು ಅಳುವ ಹೊತ್ತೂ ಅದೇ. ಬೂಟಿನ ಒಳಗನ್ನು ನೋಡಿದರೆ, ಹೊಳೆಯನ್ನು ದಾಟುವಾಗ ಸೇರಿದ ಮರಳು ಕಾಲ್ಪಟ್ಟಿಯ ಮಡಿಕೆಯಲ್ಲಿ ಕುಳಿತು ಉಪ್ಪುಕಾಗದದಂತೆ ಉಜ್ಜುತ್ತಿತ್ತು. ಅಂದಿನಿಂದ ಪ್ರತಿ ಸಲ ಬೂಟನ್ನು ತೊಳೆದು ಒಣಗಿಸುವುದು, ತೊಡಿಸುವ ಮೊದಲು ಹಿಮ್ಮಡಿಗೆ ಪುಡಿ ಹಚ್ಚುವುದು, ಹೊಳೆ ದಾಟಿದ ಮೇಲೆ ಇಳಿದು ಒಮ್ಮೆ ನೋಡುವುದು ರೂಢಿಯಾಯಿತು. ಮೂರು ದಿನ ಬಿಡುವು ಕೊಟ್ಟಳು. ರೋಮ ಮೊದಲಿನಂತೆ ನುಣುಪಾಯಿತು.

ಲಾಳದ ಬಗೆಗೆ ಇಲ್ಲಿ ಅನ್ಯಾಯವಾಗಬಾರದು. ಮೊಳೆ ಹೊಡೆಯುವವನು ನಿಪುಣನಾದರೆ ಅದರಿಂದ ಕುದುರೆಗೆ ನೋವಿಲ್ಲ. ಎಷ್ಟೋ ಕುದುರೆಗಳು ಜೀವಮಾನವೆಲ್ಲ ಲಾಳದಲ್ಲಿ ದುಡಿದು ನೆಮ್ಮದಿಯಿಂದ ಮುದಿಯಾಗಿವೆ. ಕೆಲವು ಗೊರಸುಗಳಿಗೆ ಲಾಳವೇ ಲೇಸು. ಆಳವಾದ ಕೆಸರು ಬೂಟನ್ನು ಹೀರಿ ಕಿತ್ತುಕೊಳ್ಳುತ್ತದೆ. ಒದ್ದೆ ಹುಲ್ಲಿನ ಮೇಲೆ ಅದು ಜಾರುವುದುಂಟು. ಎಲ್ಲಕ್ಕಿಂತ ಮುಖ್ಯವಾಗಿ, ಲಾಳ ಹೊಡೆಸಿದ ಯಜಮಾನ ಆರೆಂಟು ವಾರ ಕಾಲನ್ನು ಮರೆತಿದ್ದರೂ ಹೇಗೋ ನಡೆಯುತ್ತದೆ. ಬೂಟು ಮರೆಯಲು ಬಿಡುವುದಿಲ್ಲ. ಹೊರಡುವಾಗ ಒಮ್ಮೆ, ಮರಳಿದಾಗ ಒಮ್ಮೆ, ನಾಲ್ಕು ಕಾಲುಗಳ ಮುಂದೆ ಬಗ್ಗಲೇಬೇಕು. ನಡುನೋವಿನವರಿಗೆ ಇದು ಶಿಕ್ಷೆ. ಆದರೆ ಕಾಲನ್ನು ಕಾಯ್ದದ್ದು ರಬ್ಬರೋ, ದಿನಕ್ಕೆ ಎರಡು ಸಲ ಬಗ್ಗಿ ನೋಡುವ ಆ ಕಣ್ಣೋ ಎಂದು ಕೇಳಿದರೆ ಉತ್ತರ ಹೇಳುವುದು ಕಷ್ಟ. ಅದೇ ಕಣ್ಣು ಲಾಳದ ಕುದುರೆಗೂ ದೊರೆತರೆ ಅದೂ ಭಾಗ್ಯಶಾಲಿಯೇ.

ತಿಂಗಳುಗಳು ಕಳೆದವು. ಗೊರಸಿನ ಮೇಲಂಚಿನಿಂದ ಹೊಸ ಗೋಡೆ, ಬಿರುಕಿಲ್ಲದ್ದು, ನಿಧಾನವಾಗಿ ಇಳಿಯಿತು. ಹಳೆಯ ಮೊಳೆಗಳ ತೂತುಗಳು ಕೆಳಕೆಳಗೆ ಸರಿದು ಒಂದೊಂದಾಗಿ ಅರಕ್ಕೆ ಸಿಕ್ಕಿ ಹೋದವು. ಕಡೆಯ ತೂತನ್ನು ತೇಯ್ದ ದಿನ ಮುದುಕ ಅಂಗಾಲನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ ತಲೆದೂಗಿದ. ಲಾಳ ಹೊಡೆದು ಬದುಕುವವನು ಲಾಳವಿಲ್ಲದ ಕಾಲನ್ನು ಕಂಡು ಹಿಗ್ಗಿದ್ದು ಅವನ ದೊಡ್ಡತನ. ಪೈನ್ ಎಲೆಗಳು ಹಾಸಿದ ಮೆತ್ತನೆಯ ಹಾದಿಗಳಲ್ಲಿ ಆಕೆ ಈಗ ಬೂಟನ್ನು ತೊಡಿಸುವುದೇ ಇಲ್ಲ. ಅವು ಜೀನಿನ ಚೀಲದಲ್ಲಿರುತ್ತವೆ. ಬಂಡೆಯ ಕಣಿವೆ ಬಂದಾಗ ಇಳಿದು ತೊಡಿಸುತ್ತಾಳೆ. ಕುದುರೆ ಈಗ ಕೇಳದೆಯೇ ಕಾಲೆತ್ತಿ ಕೊಡುತ್ತದೆ.

ಒಂದು ಸಂಜೆ ಬೂಟುಗಳನ್ನು ಕಳಚಿ ತೊಳೆಯಲು ಒಯ್ದ ಆಕೆ, ಲಾಯದ ಬಾಗಿಲನ್ನು ಹಾಕಲು ಮರೆತಿದ್ದಳು. ಹಿಂದಿರುಗಿ ನೋಡಿದರೆ ಕುದುರೆ ಹೊರಗೆ ಬಂದು, ಮನೆಯ ಮುಂದಿನ ಜಲ್ಲಿಯ ಹಾದಿಯನ್ನು ಬರಿಗಾಲಿನಲ್ಲಿ ದಾಟಿ, ಆಚೆಯ ಹುಲ್ಲಿಗೆ ಬಾಯಿ ಹಾಕಿ ನಿಂತಿತ್ತು. ವರ್ಷದ ಹಿಂದೆ ಕಾಲಿಡಲು ಅಳುಕಿದ ಅದೇ ಜಲ್ಲಿ. ಆಕೆ ಕೂಗಲಿಲ್ಲ, ಒದ್ದೆ ಬೂಟುಗಳನ್ನು ಕೈಯಲ್ಲಿ ಹಿಡಿದು, ಅದು ಮೇಯುವುದನ್ನು ನೋಡುತ್ತ ಸ್ವಲ್ಪ ಹೊತ್ತು ನಿಂತಳು.